ಫ್ರೀಜರ್ ಗ್ಯಾಸ್: ಕಡಿಮೆಯಾಗಿದೆಯೋ, ಜಾಸ್ತಿಯಾಗಿದೆಯೋ, ದಾರಿ ಕಟ್ಟಿದೆಯೋ?

ಫ್ರೀಜರ್ ಒಳಗಿನ ಗ್ಯಾಸ್ ಖರ್ಚಾಗಿ ಮುಗಿಯುವ ವಸ್ತು ಅಲ್ಲ. ಅಡುಗೆ ಸಿಲಿಂಡರಿನ ಹಾಗೆ ಆಗಾಗ ತುಂಬಿಸಬೇಕಾದ್ದೂ ಅಲ್ಲ. ಕಾರ್ಖಾನೆಯಲ್ಲಿ ಒಮ್ಮೆ ತೂಕ ಮಾಡಿ ತುಂಬಿ, ಪೈಪಿನ ಬಾಯಿ ಮುಚ್ಚಿ ಕಳಿಸಿರುತ್ತಾರೆ. ಫ್ರೀಜರ್ ಬದುಕಿರುವಷ್ಟು ಕಾಲ ಅದೇ ಗ್ಯಾಸ್ ಸುತ್ತುತ್ತಿರಬೇಕು. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಿದೆ. ತೂತಿಲ್ಲ ಅಂದರೆ ಗ್ಯಾಸ್ ಕಡಿಮೆಯಾಗಿಲ್ಲ, ಕಾಯಿಲೆ ಬೇರೆ.

ಏಪ್ರಿಲ್ ಬಂತೆಂದರೆ ಮೈಸೂರು, ಮಂಡ್ಯದ ಮನೆಮನೆಯಲ್ಲೂ ಒಂದೇ ಮಾತು ಕೇಳುತ್ತದೆ: "ಗ್ಯಾಸ್ ಖಾಲಿ ಆಗೈತೆ ಕಣಕ್ಕ, ತುಂಬಿಸಿದ್ರೆ ಸರಿ ಹೋಯ್ತದೆ." ಪರೀಕ್ಷೆ ಮಾಡದೆ ಹೇಳುವ ಈ ಮಾತಿನಿಂದ ಒಳ್ಳೆಯ ಫ್ರೀಜರ್‌ಗಳು ಹಾಳಾಗುತ್ತಿವೆ. ಚಳಿಗಾಲದಲ್ಲಿ ಕೂತು ಹಿತುಕಿ ಇಟ್ಟ ಅವರೆಬೇಳೆ, ಮೀನು, ಐಸ್ ಕ್ಯಾಂಡಿ ಮಾರುವವರ ದಿನದ ಸಂಪಾದನೆ, ಎಲ್ಲ ಅದರ ಜೊತೆ ಹೋಗುತ್ತದೆ. ಆದ್ದರಿಂದ ಗ್ಯಾಸ್ ಪೈಪಿಗೆ ಕೈ ಹಚ್ಚುವ ಮೊದಲು ಏನೇನು ನೋಡಬೇಕು, ಕೈ ಹಚ್ಚಿದ ಮೇಲೆ ಹೇಗೆ ಕೆಲಸ ಮಾಡಬೇಕು ಎಂದು ಬರೆಯುತ್ತಿದ್ದೇನೆ. ಮೊದಲ ಭಾಗವನ್ನು ಮನೆಯವರೇ ಮಾಡಬಹುದು. ಪೈಪ್ ಕತ್ತರಿಸುವ, ಗ್ಯಾಸ್ ತುಂಬುವ ಕೆಲಸ ಮಾತ್ರ ಕಲಿತ ಮೆಕ್ಯಾನಿಕ್‌ನದು.

ಮೊದಲು ಗ್ಯಾಸ್ ಅಲ್ಲದ ಕಾರಣಗಳು

ಒಂದು ಥರ್ಮಾಮೀಟರ್ ಬೇಕು. ಕೈಯಿಂದ ಮುಟ್ಟಿ "ಕೂಲಿಂಗ್ ಕಡಿಮೆ" ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಎರಡು ಹೆಪ್ಪುಗಟ್ಟಿದ ಪೊಟ್ಟಣಗಳ ನಡುವೆ ಥರ್ಮಾಮೀಟರ್ ಇಟ್ಟು, ಬಾಗಿಲು ತೆಗೆಯದೆ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಫ್ರೀಜರ್‌ಗೆ ಏನೂ ಆಗಿಲ್ಲ.

ಇಲ್ಲದಿದ್ದರೆ ಬಾಗಿಲ ರಬ್ಬರ್ ನೋಡಿ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ. ನಾಲ್ಕೂ ಬದಿಯಲ್ಲಿ ಬಿಗಿಯಾಗಿ ಹಿಡಿಯಬೇಕು. ಸುಮ್ನೆ ಜಾರಿ ಬಂದ ಕಡೆ ಗಾಳಿ ಒಳಗೆ ಹೋಗುತ್ತಿದೆ, ಅದರ ಜೊತೆ ತೇವವೂ ಹೋಗುತ್ತಿದೆ. ಆ ಮೂಲೆಯಲ್ಲೇ ಮೆತ್ತನೆಯ ಹಿಮ ಕಟ್ಟಿರುತ್ತದೆ. ಗೋಡೆಯ ಮೇಲೆ ಬೆರಳು ದಪ್ಪ ಐಸ್ ಇದ್ದರೂ ಕೂಲಿಂಗ್ ಕುಗ್ಗುತ್ತದೆ. ಅದನ್ನು ಆಫ್ ಮಾಡಿ ಕರಗಿಸಿ. ಚಾಕು, ಸ್ಕ್ರೂಡ್ರೈವರ್ ಖಂಡಿತ ಬೇಡ. ಆ ತೆಳುವಾದ ಒಳಗೋಡೆಯ ಹಿಂದೆಯೇ ಕೂಲಿಂಗ್ ಪೈಪ್ ಇರುತ್ತದೆ. ನಿಜವಾದ ಗ್ಯಾಸ್ ಲೀಕ್‌ಗಳಲ್ಲಿ ಎಷ್ಟೋ ಆ ಚಾಕುವಿನ ತುದಿಯಿಂದಲೇ ಶುರುವಾಗಿರುತ್ತವೆ.

ಫ್ರೀಜರ್ ಇಟ್ಟ ಜಾಗವೂ ಮುಖ್ಯ. ಲೇಬಲ್‌ನಲ್ಲಿ ಹವಾಮಾನದ ವರ್ಗ ಬರೆದಿರುತ್ತದೆ. ಎನ್ ಎಂದಿದ್ದರೆ 32 ಡಿಗ್ರಿ ಸೆಕೆವರೆಗೆ, ಎಸ್‌ಟಿ ಆದರೆ 38, ಟಿ ಆದರೆ 43 ಡಿಗ್ರಿವರೆಗೆ ಕೆಲಸ ಮಾಡುವಂತೆ ಮಾಡಿರುತ್ತಾರೆ. ಶೀಟ್ ಮನೆಯ ಮೂಲೆಯಲ್ಲಿ, ಗೋಡೆಗೆ ಅಂಟಿಸಿ ಇಟ್ಟರೆ ಯಾವ ವರ್ಗವಾದರೂ ಏದುಸಿರು ಬಿಡುತ್ತದೆ. ಮೇಲೆ ಮುಚ್ಚಳವಿರುವ ಪೆಟ್ಟಿಗೆಯಂಥ ಚೆಸ್ಟ್ ಫ್ರೀಜರ್‌ಗಳಲ್ಲಿ ಬಹಳಷ್ಟಕ್ಕೆ ಕಂಡೆನ್ಸರ್, ಅಂದರೆ ಬಿಸಿಯನ್ನು ಹೊರಗೆ ಬಿಡುವ ಪೈಪ್, ಹಿಂದೆ ಕಾಣಿಸುವುದಿಲ್ಲ, ಹೊರಗೋಡೆಯ ತಗಡಿನ ಒಳಗೇ ಇರುತ್ತದೆ. ಅದಕ್ಕೇ ಬದಿಗಳು ಬೆಚ್ಚಗಾಗುತ್ತವೆ. ಅವಕ್ಕೆ ಗಾಳಿ ಬೇಕು. ಅದರ ಮೇಲೆ ಬೆಡ್‌ಶೀಟ್ ಹೊದಿಸಬೇಡಿ.

ವೋಲ್ಟೇಜ್ ಕೂಡ ನೋಡಿ. ಹಳ್ಳಿ ಕಡೆ ಸಂಜೆ ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ ಇಳಿಯುವುದುಂಟು. ಆಗ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರ್ ಪಂಪ್) "ಗುಂಯ್" ಎಂದು ಕೆಲವು ಸೆಕೆಂಡ್ ಮುಲುಕಿ, "ಟಕ್" ಎಂದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಇದು ಓವರ್‌ಲೋಡ್, ಅಂದರೆ ಮೋಟಾರ್ ಸುಡದ ಹಾಗೆ ಕರೆಂಟ್ ಕಡಿಯುವ ಸ್ವಿಚ್, ಬೀಳುವ ಸದ್ದು. ಕಾರಣ ವೋಲ್ಟೇಜ್, ಮೋಟಾರ್ ಶುರುಮಾಡುವ ರಿಲೇ ಅಥವಾ ಕಂಪ್ರೆಸರ್. ಗ್ಯಾಸ್ ಕಡಿಮೆಯಾದ ಫ್ರೀಜರ್ ಹೀಗೆ ಮಾಡುವುದಿಲ್ಲ, ಅದು ನಿಲ್ಲದೆ ಓಡುತ್ತದೆ.

ಪೈಪ್ ಕತ್ತರಿಸದೆ ಗ್ಯಾಸ್ ಸ್ಥಿತಿ ತಿಳಿಯುವುದು

ಮನೆಯ ಫ್ರೀಜರ್‌ನಲ್ಲಿ ಎ.ಸಿ.ಯಲ್ಲಿರುವ ಹಾಗೆ ಗೇಜ್ (ಒತ್ತಡ ಅಳೆಯುವ ಮೀಟರ್) ಹಾಕುವ ಬಾಯಿ ಇರುವುದಿಲ್ಲ. ಗೇಜ್ ಹಾಕಬೇಕೆಂದರೆ ಪೈಪಿಗೆ ತೂತು ಮಾಡಬೇಕು. ಆರ್ 600ಎ ಎಂಬ ಗ್ಯಾಸಿನ ಫ್ರೀಜರ್‌ನಲ್ಲಿ ಒಟ್ಟು ಗ್ಯಾಸ್ 40, 50 ಗ್ರಾಂ ಅಷ್ಟೇ ಇರಬಹುದು. ಗೇಜಿನ ಹೋಸ್‌ಗೆ 5 ಗ್ರಾಂ ಹೋದರೂ ಚಾರ್ಜ್, ಅಂದರೆ ತುಂಬಿದ ಗ್ಯಾಸಿನ ಅಳತೆ, ಕೆಟ್ಟ ಹಾಗೆ. ಆದ್ದರಿಂದ ಗೇಜ್ ಕೊನೆಗೆ. ಮೊದಲು ಕಣ್ಣು, ಕೈ, ಕಿವಿ, ವೈರಿಗೆ ಸಿಕ್ಕಿಸಿ ಆಂಪಿಯರ್ ನೋಡುವ ಕ್ಲ್ಯಾಂಪ್ ಮೀಟರ್.

ಫ್ರೀಜರ್ ಖಾಲಿ ಮಾಡಿ, ಐಸ್ ಪೂರ್ತಿ ಕರಗಿಸಿ, ಒಳಗೋಡೆ ಒರೆಸಿ ಆನ್ ಮಾಡಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹಿಮ ಎಲ್ಲಿ ಕಟ್ಟುತ್ತಿದೆ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ, ದುಡ್ಡೂ ಬೇಡ.

ಗ್ಯಾಸ್ ಸರಿಯಾಗಿದ್ದರೆ ತೆಳುವಾದ ಹಿಮ ಗೋಡೆಯ ಎಲ್ಲ ಕಡೆ ಸಮನಾಗಿ ಬರುತ್ತದೆ. ಕಂಡೆನ್ಸರ್ ಮೇಲಿನಿಂದ ಕೆಳಗೆ ಬೆಚ್ಚಗಿರುತ್ತದೆ. ಕಂಪ್ರೆಸರ್‌ಗೆ ವಾಪಸ್ ಬರುವ ಸಕ್ಷನ್ ಪೈಪ್ ಹೆಚ್ಚುಕಡಿಮೆ ಕೋಣೆಯಷ್ಟೇ ಬಿಸಿ.

ಗ್ಯಾಸ್ ಕಡಿಮೆಯಿದ್ದರೆ ಹಿಮ ಶುರುವಿನ ಒಂದೆರಡು ಸುತ್ತಿಗೆ ಮಾತ್ರ. ಅಲ್ಲಿ ದಪ್ಪಗೆ ಬಿಳಿ, ಮುಂದೆ ಒಣ ಗೋಡೆ. ದ್ರವ ಗ್ಯಾಸ್ ಅಲ್ಲೇ ಕುದಿದು ಮುಗಿದುಹೋಗುತ್ತದೆ, ಉಳಿದ ಕಾಯಿಲ್‌ನಲ್ಲಿ (ಗೋಡೆ ಹಿಂದಿನ ಕೂಲಿಂಗ್ ಪೈಪಿನಲ್ಲಿ) ಬರೀ ಆವಿ. ಕಂಡೆನ್ಸರ್ ಉಗುರುಬೆಚ್ಚಗೆ, ಕೆಲವೊಮ್ಮೆ ತಣ್ಣಗೆ. ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೂ ಆಂಪಿಯರ್ ಕಡಿಮೆ. ಪಂಪ್ ಮಾಡಲು ಹೆಚ್ಚೇನೂ ಇಲ್ಲ, ಭಾರವೂ ಇಲ್ಲ. ಒಂದು ಎಚ್ಚರಿಕೆ: ಚೆನ್ನಾಗಿ ತಣ್ಣಗಾದ ಫ್ರೀಜರ್ ಕೂಡ ಕಡಿಮೆ ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಮೀಟರ್ ನೋಡಬೇಕಾದ್ದು ಒಳಗೆ ಇನ್ನೂ ಬೆಚ್ಚಗಿರುವಾಗ.

ಗ್ಯಾಸ್ ಜಾಸ್ತಿಯಿದ್ದರೆ ಹಿಮ ಎಲ್ಲ ಕಡೆ ಬರುತ್ತದೆ, ಅಲ್ಲಿಗೇ ನಿಲ್ಲದೆ ಸಕ್ಷನ್ ಪೈಪಿನ ಮೇಲೂ ಹರಿದು ಕಂಪ್ರೆಸರ್‌ವರೆಗೆ ಬರುತ್ತದೆ. ಪೈಪ್ ಬೆವರಿ ಕೆಳಗೆ ನೀರು ತೊಟ್ಟಿಕ್ಕುತ್ತದೆ. ಕಂಡೆನ್ಸರ್ ಸುಡುತ್ತದೆ, ಆಂಪಿಯರ್ ಏರಿರುತ್ತದೆ. ಹಿಮ ಎಲ್ಲ ಕಡೆ ಇದ್ದರೂ ಮೈನಸ್ 18 ಮುಟ್ಟುವುದಿಲ್ಲ. ಇದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಆವಿಯಾದ ಗ್ಯಾಸಿನ ಒತ್ತಡ ಏರಿದಷ್ಟೂ ಅದು ಕುದಿಯುವ ತಾಪಮಾನವೂ ಏರುತ್ತದೆ. ಕಾಯಿಲ್ ಮೈನಸ್ 15ರಲ್ಲಿ ನಿಂತರೆ ಅದರೊಳಗಿಟ್ಟ ಮೀನು ಮೈನಸ್ 18 ಆಗುವುದು ಹೇಗೆ?

ಪಾಂಡವಪುರದ ಕಡೆ ಒಂದು ಮನೆಯಲ್ಲಿ ಇದೇ ನಡೆದಿತ್ತು. ದೊಡ್ಡ ಚೆಸ್ಟ್ ಫ್ರೀಜರ್, ತುಂಬಾ ಅವರೆಬೇಳೆ ಪೊಟ್ಟಣಗಳು. "ಅಣ್ಣ, ಎರಡು ಸಲ ಗ್ಯಾಸ್ ತುಂಬ್ಸಿದ್ವಿ. ಆದ್ರೂ ಬೇಳೆ ಗಟ್ಟಿ ಆಗ್ತಿಲ್ಲ," ಎಂದರು ಆ ಮನೆಯಾಕೆ. ಸಕ್ಷನ್ ಪೈಪಿನ ಮೇಲೆ ಕಂಪ್ರೆಸರ್‌ವರೆಗೂ ಬಿಳಿ ಹಿಮ. ಕಂಪ್ರೆಸರ್ ಮೇಲೆ ಕೈ ಇಡಲಾಗದಷ್ಟು ಬಿಸಿ. ಮುಚ್ಚಳದ ಹಿಂಬದಿಯ ರಬ್ಬರ್ ಒಂದು ಗೇಣಿನಷ್ಟು ಹರಿದಿತ್ತು. ಮೊದಲ ದಿನದಿಂದ ದೋಷ ಇದ್ದದ್ದು ಅಲ್ಲೇ. ಮೊದಲ ಸಲ ತುಂಬಿಸಿದ್ದು ಬೇಡದ ಗ್ಯಾಸ್, ಎರಡನೇ ಸಲ ತುಂಬಿಸಿದ್ದು ಅದರ ಮೇಲೆ ಇನ್ನಷ್ಟು. ರಬ್ಬರ್ ಬದಲಿಸಿ, ಗ್ಯಾಸ್ ಪೂರ್ತಿ ತೆಗೆದು, ಲೇಬಲ್‌ನಲ್ಲಿ ಬರೆದಷ್ಟೇ ತೂಕ ಮಾಡಿ ಹಾಕಿದ ಮೇಲೆ ಮಾರನೇ ದಿನ ಬೇಳೆ ಕಲ್ಲಿನಂತೆ ಆಗಿತ್ತು. ಆ ತಾಯಿ ಸುಮ್ಮನೆ ಕಳೆದುಕೊಂಡ ದುಡ್ಡು ನೆನೆದರೆ ಈಗಲೂ ಬೇಜಾರಾಗುತ್ತದೆ.

ಗ್ಯಾಸ್ ಕಡಿಮೆಯೋ, ಚೋಕ್ ಆಗಿ ದಾರಿ ಕಟ್ಟಿದೆಯೋ?

ಇದು ಕಷ್ಟದ ಪ್ರಶ್ನೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಹಿಮ ಅರ್ಧಂಬರ್ಧ, ಆಂಪಿಯರ್ ಕಡಿಮೆ, ಕಂಪ್ರೆಸರ್ ನಿಲ್ಲದ ಓಟ. ಚೋಕ್ ಆದ ಫ್ರೀಜರ್‌ಗೆ ಗ್ಯಾಸ್ ತುಂಬಿಸಿದರೆ ಅದು ಕಂಡೆನ್ಸರ್‌ನಲ್ಲೇ ಹೋಗಿ ನಿಲ್ಲುತ್ತದೆ.

ಗ್ಯಾಸ್ ಹರಿಯುವ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಕ್ಯಾಪಿಲರಿ ಎಂಬ ಸಣ್ಣ ಪೈಪ್. ಒಳಗಿನ ಕಂಡಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಉದ್ದ ಮಾತ್ರ ಎರಡು ಮೂರು ಮೀಟರ್. ಅದಕ್ಕೆ ಮುಂಚೆ ಕಸ, ತೇವ ಹಿಡಿಯುವ ಫಿಲ್ಟರ್ ಡ್ರೈಯರ್ ಇರುತ್ತದೆ. ಓಡುತ್ತಿರುವಾಗ ಡ್ರೈಯರ್‌ನ ಎರಡೂ ತುದಿ ಮುಟ್ಟಿ ನೋಡಿ. ಎರಡೂ ಸ್ವಲ್ಪ ಬೆಚ್ಚಗಿರಬೇಕು. ಒಂದು ತುದಿ ಬೆಚ್ಚಗೆ, ಇನ್ನೊಂದು ತಣ್ಣಗೆ ಅಥವಾ ಬೆವರುತ್ತಿದ್ದರೆ ಡ್ರೈಯರ್‌ನಲ್ಲೇ ಕಸ ಸಿಕ್ಕಿದೆ.

ಆಮೇಲೆ ಸ್ವಿಚ್ ಆಫ್ ಮಾಡಿ, ಒಳಗೆ ಕಿವಿ ಕೊಡಿ. ಸರಿಯಿರುವ ಫ್ರೀಜರ್‌ನಲ್ಲಿ ಕಂಪ್ರೆಸರ್ ನಿಂತ ಮೇಲೂ ಕೆಲವು ನಿಮಿಷ "ಸುಯ್ಯ್" ಎಂದು, ನಡುನಡುವೆ "ಗುಳುಗುಳು" ಎಂದು ಸದ್ದು ಬರುತ್ತದೆ. ಎರಡೂ ಕಡೆಯ ಒತ್ತಡ ಸಮವಾಗುತ್ತಿರುವ ಸದ್ದು ಅದು. ಪೂರ್ತಿ ಚೋಕ್ ಆಗಿದ್ದರೆ ಸದ್ದೇ ಇಲ್ಲ. ಅರ್ಧ ಚೋಕ್ ಆಗಿದ್ದರೆ ಸಣ್ಣ ಸದ್ದು ಬಹಳ ಹೊತ್ತು ಎಳೆಯುತ್ತದೆ. ಗ್ಯಾಸ್ ಕಡಿಮೆಯಿದ್ದರೆ ಸದ್ದು ಬೇಗ ಮುಗಿಯುತ್ತದೆ.

ಇನ್ನೊಂದು ಚೋಕ್ ಇದೆ, ತೇವದ ಚೋಕ್. ಇದರ ನಡವಳಿಕೆ ಬೇರೆ. ಫ್ರೀಜರ್ ಕೆಲವು ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ ಕೂಲಿಂಗ್ ನಿಂತುಹೋಗುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಸರಿ. ಒಳಗೆ ಸೇರಿದ ನೀರಿನಂಶ ಕ್ಯಾಪಿಲರಿಯ ಕೊನೆಯಲ್ಲಿ ಐಸ್ ಆಗಿ ದಾರಿ ಮುಚ್ಚುತ್ತದೆ, ಆಫ್ ಆದಾಗ ಕರಗುತ್ತದೆ. "ಕರೆಂಟ್ ಹೋದ್ರೆ ಸರಿ ಹೋಗುತ್ತೆ ಸಾರ್" ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವ ಅನುಮಾನ ಇದೇ. ಇದಕ್ಕೆ ಗ್ಯಾಸ್ ಸೇರಿಸುವುದು ಮದ್ದಲ್ಲ. ಗ್ಯಾಸ್ ತೆಗೆದು, ಹೊಸ ಡ್ರೈಯರ್ ಹಾಕಿ, ಪಂಪ್‌ನಿಂದ ಒಳಗಿನ ಗಾಳಿ, ತೇವ ಎಳೆದು ಪೂರ್ತಿ ವ್ಯಾಕ್ಯೂಮ್ ಮಾಡಬೇಕು.

ಕಂಪ್ರೆಸರ್ ಪಂಪ್ ಮಾಡುತ್ತಿಲ್ಲ ಎಂಬುದೂ ಗ್ಯಾಸ್ ಕಡಿಮೆಯಾದ ಹಾಗೆಯೇ ಕಾಣುತ್ತದೆ. ಫ್ರೀಜರ್ ಆನ್ ಮಾಡಿದ ಕೆಲವೇ ನಿಮಿಷಕ್ಕೆ, ಕಂಪ್ರೆಸರ್‌ನಿಂದ ಹೊರಗೆ ಹೋಗುವ ಡಿಸ್ಚಾರ್ಜ್ ಪೈಪ್ ಬಿಸಿಯಾಗಬೇಕು. ಅರ್ಧ ಗಂಟೆಯಾದರೂ ಬೆಚ್ಚಗಷ್ಟೇ ಇದ್ದು, ಒಳಗೆ ಎಲ್ಲೂ ಹಿಮವಿಲ್ಲದಿದ್ದರೆ ಒಂದೋ ಗ್ಯಾಸ್ ಪೂರ್ತಿ ಹೋಗಿದೆ, ಇಲ್ಲವೇ ಕಂಪ್ರೆಸರ್ ವಾಲ್ವ್ ಹೋಗಿದೆ. ಇಲ್ಲಿ ಮಾತ್ರ ಗೇಜ್ ಬೇಕೇ ಬೇಕು.

ಮೈಸೂರಿನ ಎತ್ತರ ಮತ್ತು ಗೇಜ್

ಗೇಜ್ ಹಾಕುವವರು ಗಮನಿಸಬೇಕಾದ ಒಂದು ವಿಷಯವನ್ನು ನಮ್ಮ ಕಡೆ ಯಾರೂ ಹೆಚ್ಚು ಹೇಳುವುದಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಮಂಡ್ಯ ಅದಕ್ಕಿಂತ ಸ್ವಲ್ಪ ಕೆಳಗೆ. ಇಲ್ಲಿಯ ಗಾಳಿಯ ಒತ್ತಡ ಸುಮಾರು 0.92 ಬಾರ್, ಮಂಗಳೂರಿನಲ್ಲಿ 1.01. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಥವಾ ಕಡಿಮೆ ಎಂದು ಮಾತ್ರ. ಎ.ಸಿ.ಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಫ್ರೀಜರ್‌ಗೆ ಇದೆ, ಯಾಕೆಂದರೆ ಅದರ ಸಕ್ಷನ್ ಒತ್ತಡವೇ ಸೊನ್ನೆಯ ಆಸುಪಾಸು.

ಆರ್ 134ಎ ಎಂಬ ಇನ್ನೊಂದು ಗ್ಯಾಸಿನ ಫ್ರೀಜರ್‌ನಲ್ಲಿ ಗೇಜ್ 2 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿದರೆ ಮಂಗಳೂರಿನಲ್ಲಿ ಕಾಯಿಲ್ ಸುಮಾರು ಮೈನಸ್ 23 ಡಿಗ್ರಿ, ಮೈಸೂರಿನಲ್ಲಿ ಸುಮಾರು ಮೈನಸ್ 25. ಗೇಜ್ ಸೊನ್ನೆ ತೋರಿಸಿದರೆ ಅಲ್ಲಿ ಮೈನಸ್ 26, ಇಲ್ಲಿ ಮೈನಸ್ 28. ಅಂದರೆ ಇಲ್ಲಿ ಸೊನ್ನೆ ಕಂಡ ತಕ್ಷಣ ಗ್ಯಾಸ್ ಕಡಿಮೆ ಎಂದು ಓಡಬೇಕಿಲ್ಲ. ಫ್ರಿಜ್‌ಗೆ ಹಾಕುವ ರೂಢಿಯಲ್ಲಿ ಫ್ರೀಜರ್‌ಗೂ 10 ಪಿಎಸ್‌ಐ ಬರುವವರೆಗೆ ತುಂಬುವವರಿದ್ದಾರೆ. ಆ ಒತ್ತಡದಲ್ಲಿ ಕಾಯಿಲ್ ಮೈನಸ್ 15ರ ಹತ್ತಿರ ನಿಲ್ಲುತ್ತದೆ. ಆಗಲೇ ಹೇಳಿದ ತೊಂದರೆ ಹುಟ್ಟುವುದು ಹೀಗೆ.

ಆರ್ 600ಎ ಇನ್ನೂ ಸೂಕ್ಷ್ಮ. ಮೈನಸ್ 25 ಡಿಗ್ರಿಯಲ್ಲಿ ಅದರ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಗೇಜ್ ಮೈಸೂರಿನಲ್ಲಿ ಸುಮಾರು 10 ಇಂಚು ವ್ಯಾಕ್ಯೂಮ್ ತೋರಿಸುತ್ತದೆ, ಮಂಗಳೂರಿನಲ್ಲಿ 12, 13. ಅದು ದೋಷವಲ್ಲ, ಅದರ ಸಹಜ ಸ್ಥಿತಿ. ಈ ಕಾರಣಕ್ಕೇ ಸಕ್ಷನ್ ಕಡೆ ತೂತಾದರೆ, ಓಡುವಾಗ ಗ್ಯಾಸ್ ಹೊರಗೆ ಹೋಗುವ ಬದಲು ಗಾಳಿ ಒಳಗೆ ಬರುತ್ತದೆ. ಜೊತೆಗೆ ತೇವವೂ ಬರುತ್ತದೆ. ಒಳಗೆ ಬಂದ ಗಾಳಿ ದ್ರವವಾಗುವುದಿಲ್ಲ, ಕಂಡೆನ್ಸರ್‌ನಲ್ಲಿ ಸಿಕ್ಕಿಕೊಂಡು ಒತ್ತಡ ಏರಿಸುತ್ತದೆ. ಹೀಗಾಗಿ ಕೂಲಿಂಗ್ ಇಲ್ಲ, ಆದರೂ ಕಂಡೆನ್ಸರ್ ಸುಡುತ್ತದೆ. ಗ್ಯಾಸ್ ಜಾಸ್ತಿ ಎಂದು ಮೋಸ ಹೋಗುವ ಜಾಗ ಇದು. ಈ ಫ್ರೀಜರ್ ಮೊದಲು ಚೆನ್ನಾಗಿತ್ತಾ, ಯಾರೂ ಗ್ಯಾಸ್ ಮುಟ್ಟಿಲ್ವಾ ಎಂದು ಮನೆಯವರನ್ನು ಕೇಳಿ. ಯಾರೂ ಮುಟ್ಟದೆ ಗ್ಯಾಸ್ ಜಾಸ್ತಿ ಆಗಲು ಸಾಧ್ಯವೇ ಇಲ್ಲ, ಅಲ್ವಾ? ಹಾಗಾದರೆ ಅದು ಗಾಳಿ.

ಲೀಕ್ ಹುಡುಕುವುದು

ಮೊದಲು ಎಣ್ಣೆ ಕಲೆ ಹುಡುಕಿ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತದೆ, ತೂತಿದ್ದ ಕಡೆ ಅದು ಜಿನುಗಿ ಧೂಳು ಹಿಡಿದಿರುತ್ತದೆ. ಡ್ರೈಯರ್‌ನ ಎರಡು ಬೆಸುಗೆ, ಕಂಪ್ರೆಸರ್‌ನ ಪೈಪ್‌ಗಳು, ತಾಮ್ರ ಮತ್ತು ಅಲ್ಯೂಮಿನಿಯಂ ಸೇರುವ ಜಾಗ ನೋಡಿ. ಹಿಂದೆ ಯಾರಾದರೂ ಗ್ಯಾಸ್ ತುಂಬಲು ಪಿನ್ ವಾಲ್ವ್ ಹಾಕಿದ್ದರೆ ಅದನ್ನೇ ಮೊದಲು ನೋಡಿ. ಬಾಗಿಲ ಚೌಕಟ್ಟಿನ ಸುತ್ತ ಬೆವರದ ಹಾಗೆ ಒಂದು ಬಿಸಿ ಪೈಪ್ ಓಡಿಸಿರುತ್ತಾರೆ. ಅದು ಕಬ್ಬಿಣದ್ದಾದರೆ ವರ್ಷಗಟ್ಟಲೆ ನೀರು ಕೂತು ತುಕ್ಕು ಹಿಡಿಯುತ್ತದೆ, ಮೀನು ಇಡುವ ಕಡೆ ಉಪ್ಪುನೀರಿನಿಂದ ಇನ್ನೂ ಬೇಗ.

ಕಣ್ಣಿಗೆ ಸಿಗದಿದ್ದರೆ ಒಣ ನೈಟ್ರೋಜನ್ ಒತ್ತಡ ಕೊಟ್ಟು ಸೋಪ್ ನೊರೆ ಹಚ್ಚಬೇಕು. ಒತ್ತಡ ಎಷ್ಟಿರಬೇಕು ಎನ್ನುವುದು ಲೇಬಲ್‌ನಲ್ಲಿ ಬರೆದ ಮಿತಿಯೊಳಗೆ. ಆಕ್ಸಿಜನ್ ಸಿಲಿಂಡರ್ ಎಂದೂ ಬಳಸಬಾರದು. ಎಣ್ಣೆಯ ಜೊತೆ ಸೇರಿದರೆ ಅದು ಸ್ಫೋಟವಾಗುತ್ತದೆ. ಒತ್ತಡ ರಾತ್ರಿಯಿಡೀ ನಿಲ್ಲದೆ ಇಳಿದು, ಹೊರಗೆ ಎಲ್ಲೂ ಗುಳ್ಳೆ ಬಾರದಿದ್ದರೆ ಕಂಡೆನ್ಸರ್ ಕಡೆ, ಕೂಲಿಂಗ್ ಕಾಯಿಲ್ ಕಡೆ ಎಂದು ಬೇರೆ ಮಾಡಿ ಒಂದೊಂದನ್ನೇ ಪರೀಕ್ಷಿಸಿ.

ಕಾಯಿಲ್ ಕಡೆ ಇಳಿದರೆ ತೂತು ಗೋಡೆ ನಡುವಿನ ಫೋಮ್ ಒಳಗಿದೆ. ಗೋಡೆ ಒಡೆದು ಅದನ್ನು ಹುಡುಕುವುದು ಬಹುಪಾಲು ವ್ಯರ್ಥ. ಒಳಗೋಡೆಗೆ ಹೊಸ ತಾಮ್ರದ ಕಾಯಿಲ್ ಸುತ್ತುವವರಿದ್ದಾರೆ, ಚೆಸ್ಟ್ ಫ್ರೀಜರ್‌ಗೆ ಅದು ಒಂದು ಮಟ್ಟಿಗೆ ನಡೆಯುತ್ತದೆ. ಹಳೆಯ ಫ್ರೀಜರ್ ಆದರೆ ಆ ಖರ್ಚು ಬೇಡ ಎಂದೇ ನಾನು ಹೇಳುವುದು. ಲೀಕ್ ಮುಚ್ಚುವ ದ್ರವ ಹಾಕುವುದು ಇನ್ನೂ ಕೆಟ್ಟದ್ದು, ಅದು ಕ್ಯಾಪಿಲರಿಯನ್ನೇ ಮುಚ್ಚಬಹುದು.

ಬೆಂಕಿ ಹಿಡಿಯುವ ಗ್ಯಾಸ್

ಲೇಬಲ್‌ನಲ್ಲಿ ಆರ್ 600ಎ ಅಥವಾ ಆರ್ 290 ಎಂದಿದ್ದರೆ, ಇಲ್ಲವೇ ಕಂಪ್ರೆಸರ್ ಮೇಲೆ ಬೆಂಕಿಯ ಗುರುತಿದ್ದರೆ ಕೆಲಸದ ರೀತಿಯೇ ಬದಲಾಗಬೇಕು. ಇವು ಐಸೋಬ್ಯೂಟೇನ್ ಮತ್ತು ಪ್ರೋಪೇನ್. ಗಾಳಿಯಲ್ಲಿ ಐಸೋಬ್ಯೂಟೇನ್ ನೂರಕ್ಕೆ 2 ಭಾಗದಷ್ಟಾದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂಡುತ್ತದೆ. ಕಿಟಕಿ ಬಾಗಿಲು ತೆಗೆಯಿರಿ, ಒಲೆ ಮತ್ತು ದೇವರ ದೀಪ ಆರಿಸಿ. ಗ್ಯಾಸ್ ತೆಗೆದು ನೈಟ್ರೋಜನ್ ಹಾಯಿಸದೆ ಪೈಪಿಗೆ ಬೆಂಕಿ ತೋರಿಸಬಾರದು. ಸಾಧ್ಯವಿದ್ದರೆ ಬೆಸುಗೆ ಬದಲು ಪೈಪ್ ಒತ್ತಿ ಸೇರಿಸುವ, ಬೆಂಕಿಯೇ ಬೇಡದ ಜೋಡಣೆ ಬಳಸಿ.

ಅಡುಗೆ ಸಿಲಿಂಡರಿನ ಗ್ಯಾಸ್ ತುಂಬುವವರನ್ನು ಒಳಗೆ ಬಿಡಬೇಡಿ. ಅದು ಪ್ರೋಪೇನ್, ಬ್ಯೂಟೇನ್‌ಗಳ ಬೆರಕೆ, ಶುದ್ಧವೂ ಅಲ್ಲ, ಒಣಗಿಯೂ ಇರುವುದಿಲ್ಲ. ಹಾಗೆಯೇ ಆರ್ 134ಎ ಫ್ರೀಜರ್‌ಗೆ ಆರ್ 600ಎ ಹಾಕಬಾರದು. ಅದರ ಥರ್ಮೋಸ್ಟಾಟ್, ರಿಲೇ, ದೀಪದ ಸ್ವಿಚ್ ಬೆಂಕಿ ಹಿಡಿಯುವ ಗ್ಯಾಸಿಗೆಂದು ಮಾಡಿದವಲ್ಲ.

ತುಂಬುವುದು

ಲೀಕ್ ಮುಚ್ಚಿದ ಮೇಲೆ ಡ್ರೈಯರ್ ಹೊಸದು ಹಾಕಲೇಬೇಕು. ಕ್ಯಾಪಿಲರಿ ಸೇರುವ ತುದಿ ಕೆಳಮುಖವಾಗಿರಲಿ, ಆಗ ದ್ರವವೇ ಒಳಗೆ ಹೋಗುತ್ತದೆ. ಕ್ಯಾಪಿಲರಿಯನ್ನು ಜಾಲರಿಗೆ ತಾಗುವವರೆಗೆ ತುರುಕಬೇಡಿ.

ವ್ಯಾಕ್ಯೂಮ್‌ಗೆ ಪಂಪ್ ಬೇಕು. ಫ್ರೀಜರ್‌ನ ಕಂಪ್ರೆಸರ್‌ನಿಂದಲೇ ಗಾಳಿ ಎಳೆಸುವುದು ಅದನ್ನು ಕೊಂದ ಹಾಗೆ. ಮತ್ತೆ ಎತ್ತರದ ಮಾತು: ಮುಳ್ಳಿನ ಗೇಜ್ ಮೈಸೂರಿನಲ್ಲಿ ಎಷ್ಟೇ ಎಳೆದರೂ 27 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. 30 ಬರಲಿಲ್ಲ ಎಂದು ಪಂಪನ್ನು ದೂರಬೇಡಿ, 27 ಬಂತು ಎಂದು ಪಂಪ್ ನಿಲ್ಲಿಸಲೂಬೇಡಿ. ತೇವ ಹೋಯಿತೇ ಎಂದು ಆ ಮುಳ್ಳು ಹೇಳಲಾರದು. ಅತಿ ಕಡಿಮೆ ಒತ್ತಡ ಅಳೆಯುವ ಮೈಕ್ರಾನ್ ಗೇಜ್ ಹಾಕಿ 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಪಂಪ್ ಮುಚ್ಚಿ ಕಾಯಿರಿ. ಸಾಕಷ್ಟು ಏರಿ ನಿಂತರೆ ಇನ್ನೂ ತೇವವಿದೆ. ಏರುತ್ತಲೇ ಹೋದರೆ ಲೀಕ್ ಉಳಿದಿದೆ.

ಗ್ಯಾಸ್ ಹಾಕುವುದು ತೂಕದಿಂದ ಮಾತ್ರ. ಒಂದು ಗ್ರಾಂ ತೋರಿಸುವ ತಕ್ಕಡಿ ಇರಲಿ. ಲೇಬಲ್‌ನಲ್ಲಿ 46 ಗ್ರಾಂ ಎಂದಿದ್ದರೆ 46 ಗ್ರಾಂ, 60 ಅಲ್ಲ. ಮಟಮಟ ಮಧ್ಯಾಹ್ನ, ಖಾಲಿ ಫ್ರೀಜರ್ ಬೆಚ್ಚಗಿರುವಾಗ ಗೇಜ್ ನೋಡಿ ತುಂಬಿದರೆ ರಾತ್ರಿ ತಣ್ಣಗಾದ ಮೇಲೆ ಲೆಕ್ಕ ತಪ್ಪಿರುತ್ತದೆ. ಲೇಬಲ್ ಅಳಿಸಿಹೋಗಿದ್ದರೆ ಅದೇ ಮಾದರಿಯ ಸಂಖ್ಯೆ ಹೇಳಿ ಕಂಪನಿಯ ಸರ್ವಿಸ್‌ನವರಿಂದ ತೂಕ ತಿಳಿದುಕೊಳ್ಳಿ. ಜಾಸ್ತಿಯಾಯಿತು ಎನಿಸಿದರೆ "ಪುಸ್" ಎಂದು ಸ್ವಲ್ಪ ಬಿಟ್ಟು ಸರಿಮಾಡುವುದು ಬೇಡ. ಪೂರ್ತಿ ತೆಗೆದು ಮತ್ತೆ ತೂಗಿ ಹಾಕುವುದೇ ಸರಿ.

ತುಂಬಿದ ಮೇಲೆ ಬಾಯಿಯನ್ನು ಒತ್ತಿ ಮುಚ್ಚಿ, ಆ ತುದಿಗೂ ಸೋಪ್ ನೊರೆ ಹಚ್ಚಿ. ಒಂದು ಗಂಟೆಗೆ ಹಿಮ ಎಲ್ಲ ಕಡೆ ಬರುತ್ತಿದೆಯೇ, ಸಕ್ಷನ್ ಪೈಪ್ ಒಣಗಿದೆಯೇ ನೋಡಿ. ಮಾರನೇ ದಿನ ಮೈನಸ್ 18 ಮುಟ್ಟಿ ಕಂಪ್ರೆಸರ್ ತಾನೇ ಒಮ್ಮೆ ನಿಂತಿತೇ ಎಂದು ಮನೆಯವರಿಗೆ ಫೋನ್ ಮಾಡಿ ಕೇಳಿ. ನಿಂತಿದ್ದರೆ ಕೆಲಸ ಮುಗಿಯಿತು. ಗ್ಯಾಸಿನ ಹೆಸರು, ಎಷ್ಟು ಗ್ರಾಂ, ಯಾವ ತಾರೀಖು, ಲೀಕ್ ಎಲ್ಲಿತ್ತು ಎಂದು ಒಂದು ಚೀಟಿಯಲ್ಲಿ ಬರೆದು ಕಂಪ್ರೆಸರ್ ಪಕ್ಕದ ತಗಡಿಗೆ ಅಂಟಿಸಿ ಬನ್ನಿ.